ಎಲ್ಲಿ ನಿಂತಿ?

ಪುಸ್ತಕ ಓದಿ ಮುಗಿಸಿದ ಮಕ್ಕಳು ಬರೆದು ತರುವ ಹಾಳೆಗಳನ್ನು ಓದುತ್ತ ಕೂರುವುದೆಂದರೆ ನನಗೆ ಹಬ್ಬ. ಮೊದಲ ಸಲದ ಬರಹ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಲೇಖಕರ ಹೆಸರು, ಕಥೆಯ ಸಾರಾಂಶ, ಕಡೆಗೆ ‘ಪುಸ್ತಕ ತುಂಬಾ ಚೆನ್ನಾಗಿದೆ, ಎಲ್ಲರೂ ಓದಬೇಕು’. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ: ಓದುತ್ತ ಓದುತ್ತ ಎಲ್ಲಿ ನಿಂತಿ? ಯಾವ ಪುಟ? ಕೆಂಪು ಶಾಯಿ ಮುಟ್ಟುವುದಿಲ್ಲ. ಕೆಂಪು ಕಂಡರೆ ಮಕ್ಕಳು ಒತ್ತಕ್ಷರ ತಿದ್ದುತ್ತಾರೆ, ಯೋಚನೆ ಹಾಗೇ ಉಳಿಯುತ್ತದೆ.

ನಾವಿರುವ ಚಿಪ್ಪಗಿರಿ ಹಿಂದೆ ಬಳ್ಳಾರಿ ಜಿಲ್ಲೆಯ ಆಲೂರು ತಾಲೂಕಿನ ಊರಾಗಿತ್ತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಇಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಬಜಾರಿನಲ್ಲಿ ತೆಲುಗು. ಬರಹದಲ್ಲಿ ಎರಡೂ ಬೆರೆತು ಬಂದರೆ ಬರಲಿ. ಮಾತು ಮೊದಲು ಹೊರಬೀಳಬೇಕು.

ಹರಿದಾಸರಾದ ವಿಜಯದಾಸರು 1755ರಲ್ಲಿ ದೇಹ ಬಿಟ್ಟದ್ದು ಇದೇ ಊರಿನಲ್ಲಿ. ಪುರಂದರದಾಸರು ತೀರಿಕೊಂಡು ನೂರು ವರ್ಷ ದಾಟಿದ ಮೇಲೆ ಹುಟ್ಟಿದವರು, ಅವರನ್ನೇ ಗುರುವೆಂದುಕೊಂಡವರು. ಆದರೂ ಹಾಡಿದ್ದು ವಿಜಯವಿಠಲ ಎಂಬ ತಮ್ಮದೇ ಅಂಕಿತದಲ್ಲಿ, ಅಂದರೆ ಪದದ ಕೊನೆಗೆ ಬರುವ ಮುದ್ರೆಯಲ್ಲಿ. ಅವರ ಶಿಷ್ಯ ಗೋಪಾಲದಾಸರದು ಗೋಪಾಲವಿಠಲ. ಗುರುವಿನ ಪದ ಕೇಳಿ ಬೆಳೆದವರೂ ತಮ್ಮ ಅಂಕಿತದಲ್ಲೇ ಹಾಡುವ ಈ ಪದ್ಧತಿ ನನಗೆ ಬಲು ಇಷ್ಟ. ಶಿವರಾಮ ಕಾರಂತರನ್ನು ಓದಿದ ಹುಡುಗಿಯ ಹಾಳೆಯಲ್ಲೂ ನಾನು ಹುಡುಕುವುದು ಆ ಹುಡುಗಿಯ ಅಂಕಿತವನ್ನೇ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾರಂತರ ‘ಚೋಮನ ದುಡಿ’ ಓದಿದ್ದಳು. 1933ರ ಕಾದಂಬರಿ, ಕಾಡು, ಮಳೆ, ತುಳುನಾಡು. ಹತ್ತಿಹೊಲಗಳ ಈ ಕರಿನೆಲಕ್ಕೆ ಅದು ಬಲು ದೂರ. ಸಾರಾಂಶ ಒಪ್ಪವಾಗಿತ್ತು. ‘ಎಲ್ಲಿ ನಿಂತಿ, ತಾಯಿ?’ ಅಂದೆ. ಬಹಳ ಹೊತ್ತು ಸುಮ್ಮನಿದ್ದಳು. ಇಂಥ ಹೊತ್ತಿನಲ್ಲಿ ಕೇಳಿದವರು ಬಾಯಿ ಬಿಡಬಾರದು. ಈ ಕೆಲಸದಲ್ಲಿ ಕಷ್ಟದ್ದೂ ಇದೇ, ರುಚಿಯದ್ದೂ ಇದೇ. ಮರುವಾರ ಬಂದ ಹಾಳೆಯಲ್ಲಿ ಸಾರಾಂಶವೇ ಇರಲಿಲ್ಲ. ಚೋಮನ ಮಗಳು ಬೆಳ್ಳಿ ಅಪ್ಪನ ಸಾಲ ತೀರಿಸಲು ತೋಟದ ಕೆಲಸಕ್ಕೆ ಹೋಗುವಲ್ಲಿ ಈ ಹುಡುಗಿ ನಿಂತಿದ್ದಳು. ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗುವಾಗ ತನ್ನ ಅಕ್ಕನೂ ಹೀಗೇ ಗಂಟು ಕಟ್ಟಿದ್ದಳಂತೆ. ಚೋಮನಿಗೆ ಭೂಮಿ ಬೇಕು ಅಂತ ಎಲ್ಲರಿಗೂ ಗೊತ್ತು, ಬೆಳ್ಳಿಗೆ ಏನು ಬೇಕು ಅಂತ ಯಾರು ಕೇಳಿದರು ಎಂದು ಬರೆದಿದ್ದಳು. ಎಷ್ಟೋ ವರ್ಷದಿಂದ ಆ ಕಾದಂಬರಿ ಓದುತ್ತ ಬಂದ ನನ್ನಿಂದ ಆ ಸಾಲು ಮತ್ತೆ ಪುಸ್ತಕ ತೆರೆಸಿತು.

ಅದನ್ನು ಎಲ್ಲರೆದುರು ಓದಿಸಿದಾಗ ಹಿಂದಿನಿಂದ ಹುಡುಗನೊಬ್ಬ ಎದ್ದ. ‘ಉಳಾಕ ಭೂಮಿ ಇಲ್ದಾಗ ಚೋಮಗ ಎತ್ತು ಯಾಕ್ ಸಾರ್? ಮಾರಿದ್ರ ಆಕಿ ಹೋಗೋದು ತಪ್ತಿತ್ತು.’ ‘ಎತ್ತು ಮಾರಿದ್ರ ಅಪ್ಪ ಉಳೀತಿದ್ದನೇನು?’ ಅಂದಳು ಆ ಹುಡುಗಿ. ಇಬ್ಬರಿಗೂ ಹಾಳೆ ಕೊಟ್ಟೆ. ಪುಟದ ಸಂಖ್ಯೆ ಹಾಕಿ, ಕಾರಂತರು ಬರೆದದ್ದನ್ನೇ ಸಾಕ್ಷಿಗೆ ಹಿಡಿದು ವಾದ ಮಾಡಬೇಕು, ಬರುವ ವಾರದೊಳಗೆ.