ಗೆರೆ ಹಿಡಿದು ನಡೆಯುವ ಗಾಡಿ

ಬಿಳಿ ಹಾಳೆಗೆ ಅಂಟಿಸಿದ ಕಪ್ಪು ಟೇಪಿನ ಜಾಡು ಹಿಡಿದು ತಾನೇ ಓಡುವ ಪುಟ್ಟ ಗಾಡಿಗೆ ಲೈನ್ ಫಾಲೋವರ್ ಎಂದು ಹೆಸರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವವರು ಸಾಮಾನ್ಯವಾಗಿ ಮೊದಲು ಕಟ್ಟುವ ರೋಬೋಟ್ ಇದೇ. ಸರ್ಕ್ಯೂಟ್, ಮೋಟಾರ್, ಮಾಪನ, ನಿಯಂತ್ರಣ ಎಂದು ಬೇರೆ ಬೇರೆ ಸೆಮಿಸ್ಟರುಗಳಿಗೆ ಹಂಚಿಹೋದ ಪಾಠಗಳೆಲ್ಲ ಇಲ್ಲಿ ಅಂಗೈಯಗಲದ ಹಲಗೆಯ ಮೇಲೆ ಕೂಡುತ್ತವೆ. ಪುಸ್ತಕದ ಸೂತ್ರಕ್ಕೆ ಬಿಸಿ, ಸದ್ದು, ಚಲನೆ ಬರುವುದು ಈ ಹಲಗೆಯ ಮೇಲೆ. ಈ ವಿದ್ಯೆಯ ಸೊಗಸು ಇರುವುದೂ ಅಲ್ಲಿಯೇ.

ಬಾಗಲಕೋಟೆ ಸೀಮೆಗೆ ಎಂಜಿನಿಯರಿಂಗ್ ಶಿಕ್ಷಣ ಹತ್ತಿರ ಬಂದದ್ದು 1963ರಲ್ಲಿ, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಬಸವೇಶ್ವರ ಎಂಜಿನಿಯರಿಂಗ್ ಕಾಲೇಜನ್ನು ತೆರೆದಾಗ. ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯಿಂದ ಓದಲು ಬರುವವರಿಗೆ ಯಂತ್ರವೆಂದರೆ ಅಪರಿಚಿತವಲ್ಲ. ಮಗ್ಗದ ಸಪ್ಪಳ, ಪಂಪ್‌ಸೆಟ್ಟಿನ ಸ್ಟಾರ್ಟರ್, ಗ್ರಾನೈಟ್ ಕೊಯ್ಯುವ ಗರಗಸ ಇವೆಲ್ಲ ಈ ನೆಲದ ದಿನನಿತ್ಯದ ಸಂಗತಿಗಳು. ಕೈಯಿಂದ ಕಲಿಯುವ ವಿದ್ಯೆಗೆ ಇಲ್ಲಿ ಮೊದಲೇ ಹದವಾದ ನೆಲವಿದೆ.

ಕೆಲಸ ಶುರುವಾಗುವುದು ಬೆಸುಗೆಯಿಂದ. ತವರ ಮತ್ತು ಸೀಸದ 63:37 ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮೊದಲು ಕಾಯಬೇಕಾದವು ತಂತಿ ಮತ್ತು ತಾಮ್ರದ ಪಟ್ಟಿ. ಅವು ಕಾದ ಮೇಲೆ ಬೆಸುಗೆಯನ್ನು ತಾಗಿಸಿದರೆ ಅದು ತಾನಾಗಿ ಹರಿದು, ತಂತಿಯ ಸುತ್ತ ಏರಿ, ಫಳಫಳಿಸಿ ನಿಲ್ಲುತ್ತದೆ. ಆ ಕ್ಷಣವನ್ನು ಕಣ್ಣಾರೆ ಕಾಣುವುದೇ ಒಂದು ಸುಖ. ಅವಸರಪಟ್ಟರೆ ಬೆಸುಗೆ ಮಂಕಾಗಿ ಉಂಡೆಗಟ್ಟುತ್ತದೆ. ನೋಡಲು ಕೂಡಿದಂತಿದ್ದರೂ ಗಾಡಿ ಅದುರಿದೊಡನೆ ಸಂಪರ್ಕ ಕಡಿಯುತ್ತದೆ. ಮುಂದಿನದು ಎಲ್‌ಇಡಿ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಬಳಸಿಕೊಂಡರೆ, ಉಳಿದ 3 ವೋಲ್ಟ್ 220 ಓಮ್ ರೆಸಿಸ್ಟರಿನ ಪಾಲು. ಹರಿಯುವ ಕರೆಂಟು ಸುಮಾರು 14 ಮಿಲಿಆಂಪಿಯರ್. ಲೆಕ್ಕದಲ್ಲಿ ಬಂದ ಅಂಕಿಯೇ ಮಲ್ಟಿಮೀಟರಿನಲ್ಲೂ ಮೂಡಿದಾಗ ಓಮ್‌ನ ನಿಯಮ ಬಾಯಿಪಾಠವಾಗಿ ಉಳಿಯುವುದಿಲ್ಲ.

ಆಮೇಲೆ ಮೋಟಾರ್. ಗಾಡಿಯನ್ನು ನಡೆಸುವ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ಪಡೆಯುವುದು ಕ್ಷೇಮ; ಗಾಡಿಯ ಮೋಟಾರಿಗೆ ಅದರ ಹತ್ತಾರು ಪಟ್ಟು ಬೇಕಾಗಬಹುದು. ಆದ್ದರಿಂದ ನಡುವೆ ಎಲ್293ಡಿಯಂತಹ ಡ್ರೈವರ್ ಚಿಪ್ ಇರುತ್ತದೆ. ಅದರೊಳಗಿನ ಎಚ್-ಬ್ರಿಡ್ಜ್‌ನಲ್ಲಿ ನಾಲ್ಕು ಸ್ವಿಚ್ಚುಗಳು. ಕರ್ಣದ ಒಂದು ಜೋಡಿ ಆನ್ ಆದರೆ ಮೋಟಾರ್ ಮುಂದಕ್ಕೆ, ಇನ್ನೊಂದು ಜೋಡಿ ಆನ್ ಆದರೆ ಹಿಂದಕ್ಕೆ ತಿರುಗುತ್ತದೆ. ಹೆಚ್ಚು ಕರೆಂಟು ಹರಿದಾಗ ಈ ಚಿಪ್ಪು ಎರಡು ವೋಲ್ಟಿಗೂ ಮಿಕ್ಕಿ ತಾನೇ ಕಳೆದು ಬಿಸಿಯಾಗುತ್ತದೆ. ವಿದ್ಯುತ್ತಿನ ನಷ್ಟವೆಂದರೇನು ಎಂಬುದು ಬೆರಳಿಗೆ ತಿಳಿಯುವುದು ಹೀಗೆ. ಅದೇ ಮೋಟಾರನ್ನು ಬಿಡಿಸಿ ಕೈಯಿಂದ ತಿರುಗಿಸಿದರೆ ಮೀಟರಿನಲ್ಲಿ ವೋಲ್ಟೇಜ್ ಕಾಣುತ್ತದೆ. ಕೃಷ್ಣೆಯ ನೀರು ಟರ್ಬೈನ್ ತಿರುಗಿಸುವ ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುದಾಗಾರದಲ್ಲೂ ನಡೆಯುವುದು ಇದೇ ತತ್ವ.

ಗಾಡಿಯ ಕಣ್ಣು ಇನ್‌ಫ್ರಾರೆಡ್ ಸೆನ್ಸರ್. ಬಿಳಿ ನೆಲ ಕಿರಣವನ್ನು ಮರಳಿಸುತ್ತದೆ, ಕಪ್ಪು ಗೆರೆ ಹೀರುತ್ತದೆ. ಮರಳಿದ ಬೆಳಕನ್ನು ಬೋರ್ಡು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಕೋಣೆಯೊಳಗೆ ತಪ್ಪದೆ ಓಡಿದ ಗಾಡಿ ಬಾದಾಮಿಯ ಬೇಸಿಗೆಯ ಅಂಗಳಕ್ಕಿಳಿದರೆ ದಾರಿ ಮರೆಯಬಹುದು, ಏಕೆಂದರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಕಿರಣಗಳು ತುಂಬಿವೆ. ಸೆನ್ಸರಿಗೆ ನೆರಳಿನ ಮುಸುಕು ಹಾಕಿ, ಓಡುವ ಜಾಗದಲ್ಲೇ ಕಪ್ಪು-ಬಿಳುಪಿನ ಅಂಕಿಗಳನ್ನು ಮತ್ತೆ ಅಳೆದುಕೊಳ್ಳಬೇಕು.

ಓದಿದ ಅಂಕಿಗೆ ತಕ್ಕಂತೆ ಏನು ಮಾಡಬೇಕೆಂದು ಹೇಳುವುದು ಪ್ರೋಗ್ರಾಮ್. ಈ ವಿಚಾರದ ಒಂದು ಹಳೆಯ ಬೇರು ನೇಯ್ಗೆಯಲ್ಲಿದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಸಾಧನದಲ್ಲಿ ಯಾವ ಎಳೆ ಮೇಲೇಳಬೇಕೆಂಬುದನ್ನು ರಟ್ಟಿನ ತೂತುಗಳು ನಿರ್ಧರಿಸುತ್ತಿದ್ದವು: ತೂತು ಇದೆ ಅಥವಾ ಇಲ್ಲ, ಕಂಪ್ಯೂಟರಿನ ಒಂದು ಮತ್ತು ಸೊನ್ನೆಯಂತೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದೂ ಎಳೆ ತಪ್ಪದ ಆ ಕ್ರಮಬದ್ಧತೆ ಪ್ರೋಗ್ರಾಮ್ ಬರೆಯುವವರಿಗೂ ಬೇಕು.

ಎಲ್ಲಕ್ಕಿಂತ ರುಚಿಯಾದ ಘಟ್ಟ ನಿಯಂತ್ರಣ. ಗೆರೆ ತಪ್ಪಿದೊಡನೆ ಪೂರ್ತಿ ತಿರುಗಿಸಿದರೆ ಗಾಡಿ ಅತ್ತಿತ್ತ ತೊನೆಯುತ್ತದೆ. ಎಷ್ಟು ತಪ್ಪಿದೆಯೋ ಅಷ್ಟೇ ತಿದ್ದುವುದು ಪಿಐಡಿ ಎಂಬ ನಿಯಂತ್ರಣ ವಿಧಾನದ ಮೂರು ಅಂಗಗಳಲ್ಲಿ ಮೊದಲನೆಯದು. ತಪ್ಪು ಎಷ್ಟು ಕಾಲದಿಂದ ಕೂಡುತ್ತ ಬಂದಿದೆ ಎಂಬುದು ಎರಡನೆಯದು. ಎಷ್ಟು ಬೇಗ ಬದಲಾಗುತ್ತಿದೆ ಎಂಬುದು ಮೂರನೆಯದು. ಹಡಗಿನ ಚುಕ್ಕಾಣಿಯನ್ನು ತಾನಾಗಿ ತಿರುಗಿಸುವ ಬಗೆಯನ್ನು ಹುಡುಕುತ್ತ ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಇದರ ಗಣಿತವನ್ನು ಪ್ರಕಟಿಸಿದ. ಮೂರು ಗುಣಾಂಕಗಳನ್ನು ಚೂರುಚೂರೇ ತಿದ್ದುತ್ತ ಹೋದಂತೆ ತೊನೆದಾಟ ಇಳಿದು, ಗಾಡಿ ತಿರುವಿನಲ್ಲೂ ನಯವಾಗಿ ಸಾಗುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ತರಗತಿಯಲ್ಲಿ ಬರೆದ ಸಮೀಕರಣ ನೆಲದ ಮೇಲೆ ನಡೆದಾಡುವುದನ್ನು ಕಾಣುವ ಸಂತೋಷಕ್ಕೆ ಸಾಟಿ ಕಡಿಮೆ.

ಇಲ್ಲಿಂದ ದಾರಿ ಹೊಲದ ಕಡೆಗೂ ತಿರುಗುತ್ತದೆ. ಹುನಗುಂದದ ಎರೆಹೊಲದಲ್ಲಿ ತೇವ ಅಳೆದು ಪಂಪ್ ನಡೆಸುವ ಸಾಧನಕ್ಕೂ ಬೇಕಾದವು ಇವೇ: ಸೆನ್ಸರ್, ತೀರ್ಮಾನ, ಮೋಟಾರ್. ಆದರೆ ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಸೆನ್ಸರಿನ ಕಡ್ಡಿ ಮಣ್ಣಿನಿಂದ ಬೇರ್ಪಟ್ಟರೆ ಅಂಕಿ ಸುಳ್ಳಾಗುತ್ತದೆ. ನೇರ ಕರೆಂಟು ಹರಿಸುವ ಲೋಹದ ಕಡ್ಡಿಗಳು ಹಸಿ ಮಣ್ಣಿನಲ್ಲಿ ಸವೆಯುವುದರಿಂದ, ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಲೇಸು. ಬೆಸುಗೆ, ಅಳತೆ, ತಿದ್ದುಪಡಿಗಳನ್ನು ಪುಟ್ಟ ಗಾಡಿಯ ಮೇಲೆ ಕಲಿತ ವಿದ್ಯಾರ್ಥಿ ಇಂಥ ಕೆಲಸಕ್ಕೆ ಬರುವಾಗ ಮಣ್ಣಿನ ಗುಣ ಬಲ್ಲ ರೈತರ ಮಾತನ್ನೂ ವಿನ್ಯಾಸದ ಭಾಗವಾಗಿ ತೆಗೆದುಕೊಳ್ಳಬೇಕಾಗುತ್ತದೆ.