ಸಡಿಲವೆಂದರೆ ದೊಡ್ಡದಲ್ಲ

ಜತ್ತ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗಳು ಸಾಂಗಲಿಯ ಕಾಲೇಜಿಗೆ ಸೇರಿದಾಗ ನನ್ನಲ್ಲಿ ಒಂದೇ ಒಂದು ವಸ್ತುವನ್ನು ಬೇಡಿದಳು: ಸಡಿಲವಾದ ಜೀನ್ಸ್. ಪ್ರವೇಶದ ಕೆಲಸ ಮುಗಿಸಿ ಊರಿಗೆ ಮರಳುವಾಗ ಮಿರಜದ ಲಕ್ಷ್ಮೀ ಮಾರ್ಕೆಟ್ಟಿನ ಬಳಿ ಒಂದು ಅಂಗಡಿಯನ್ನು ಹೊಕ್ಕೆವು. "ಕಂಬರ ಕಿತಿ?" ಎಂದು ಅಂಗಡಿಯವರು ಮರಾಠಿಯಲ್ಲಿ ಸೊಂಟದ ಅಳತೆ ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ನಾನು 32 ಎಂದುಬಿಟ್ಟೆ. ಅವಳ ಸೊಂಟ 28 ಇಂಚು. ಬೆಳೆಯುವ ಮಗು, ಹೇಗೂ ಸಡಿಲವೇ ಬೇಕು, ಮೇಲೆ ಬೆಲ್ಟು ಇದ್ದೇ ಇದೆ ಎಂಬುದು ನನ್ನ ಲೆಕ್ಕ. ಬಸ್ಸಿನ ಅವಸರದಲ್ಲಿ ತೊಟ್ಟು ನೋಡಲೂ ಬಿಡಲಿಲ್ಲ.

ಈ ಲೆಕ್ಕ ನನಗೆ ಬಳುವಳಿಯಾಗಿ ಬಂದದ್ದು. ನನ್ನ ಶಾಲೆಯ ಚಡ್ಡಿಗಳನ್ನೆಲ್ಲ ಅಪ್ಪ ಮುಂದಿನ ಮೂರು ವರ್ಷಕ್ಕೆಂದೇ ಹೊಲಿಸುತ್ತಿದ್ದರು. ಅವು ಮೈಗೆ ಹೊಂದುವ ಹೊತ್ತಿಗೆ ಹರಿದಿರುತ್ತಿದ್ದವು.

ಮಗಳು ಆ ಜೀನ್ಸನ್ನು ಒಂದೇ ದಿನ ತೊಟ್ಟಳು. ಬೆಲ್ಟಿನ ಕೆಳಗೆ ಬಟ್ಟೆ ಮುದ್ದೆಯಾಗಿತ್ತು. ಅಂಚು ನೆಲ ಗುಡಿಸುತ್ತಿತ್ತು. ಮರುದಿನ ಹಳೆಯ ಚೂಡಿದಾರಕ್ಕೆ ಮರಳಿದಳು. ಕಾರಣ ಕೇಳಿದಾಗ, "ಅಪ್ಪಾ, ಸಡಿಲ ಅಂದ್ರ ದೊಡ್ಡದಲ್ಲ. ಎಲ್ಲಾರೂ ನನ್ನ ಕಡೆನ ನೋಡಾಕತ್ತಿದ್ರು" ಎಂದಳು. ಹೊಸ ಊರು, ಹೊಸ ಭಾಷೆಯ ತರಗತಿ. ಅವುಗಳ ಮೇಲೆ ಈ ಸಂಕೋಚವನ್ನು ಹೊರಿಸಿದವನು ನಾನು.

ಮುಂದಿನ ರವಿವಾರ ಬದಲಿಸಲೆಂದು ಮತ್ತೆ ಮಿರಜಕ್ಕೆ ಹೋದೆವು. ಅಂಗಡಿ ಇನ್ನೂ ತೆರೆದಿರಲಿಲ್ಲ. ಕಾಯುತ್ತ, ಈ ಊರಿಗೆ ಹೆಸರು ತಂದ ತಂತಿವಾದ್ಯಗಳ ಅಂಗಡಿಯೊಂದರ ಮುಂದೆ ನಿಂತೆವು. ಗಂಡುದನಿಗೆ ದೊಡ್ಡ ತಂಬೂರಿ, ಹೆಣ್ಣುದನಿಗೆ ಚಿಕ್ಕದು. ಹಾಡುವವರ ದನಿಗೆ ಹೊಂದುವುದನ್ನೇ ಆರಿಸುತ್ತಾರೆ. ಮುಂದೆ ದನಿ ಬೆಳೆದೀತೆಂದು ದೊಡ್ಡದನ್ನು ಯಾರೂ ಒಯ್ಯುವುದಿಲ್ಲ.

ಅಂದು ಕಲಿತದ್ದನ್ನು ನನ್ನಂಥ ಪಾಲಕರಿಗಾಗಿ ಬರೆಯುತ್ತೇನೆ. ಸಡಿಲ ಜೀನ್ಸಿನಲ್ಲಿ ಸಡಿಲವಿರುವುದು ತೊಡೆಯಲ್ಲಿ, ಕಾಲಿನಲ್ಲಿ, ಸೊಂಟದಲ್ಲಲ್ಲ. ಆ ಅಗಲವನ್ನು ಕತ್ತರಿಸುವಾಗಲೇ ಇಟ್ಟಿರುತ್ತಾರೆ. ಆದ್ದರಿಂದ ಸೊಂಟಕ್ಕೆ ತಕ್ಕ ಅಂಕಿಯನ್ನೇ ಕೇಳಬೇಕು. ಚೀಟಿಯ ಅಂಕಿಯನ್ನೂ ಪೂರ್ಣ ನಂಬಲಾಗದು. ಒಂದು ಕಂಪನಿಯ 28 ಇನ್ನೊಂದರ 30ಕ್ಕೆ ಸಮವಾಗಿರಬಹುದು. ಮನೆಯಲ್ಲಿ ಚೆನ್ನಾಗಿ ಹೊಂದುವ ಪ್ಯಾಂಟನ್ನು ನೆಲಕ್ಕೆ ಹಾಸಿ ಸೊಂಟಪಟ್ಟಿಯ ಅಗಲ, ತೊಡೆಯ ಅಗಲ, ಒಳಗಾಲಿನ ಉದ್ದ ಈ ಮೂರನ್ನೂ ಟೇಪಿನಿಂದ ಅಳೆದು ಬರೆದುಕೊಂಡು ಹೋಗುವುದು ಲೇಸು. ಸೊಂಟಪಟ್ಟಿಯ ಅಗಲವನ್ನು ಇಮ್ಮಡಿಸಿದರೆ ಸುತ್ತಳತೆ. ಅಪ್ಪಟ ಹತ್ತಿಯದಾದರೆ ಮೊದಲ ಒಗೆತಕ್ಕೆ ತುಸು ಕುಗ್ಗಬಹುದು. ಉದ್ದ ಹೆಚ್ಚಾದರೆ ಸಿಂಪಿಗರು ಸರಿಪಡಿಸುತ್ತಾರೆ. ಕಾಲುಗಳು ಕೂಡುವಲ್ಲಿ ಹೊಂದದಿದ್ದರೆ ಅದನ್ನು ತಿದ್ದುವುದು ಕಷ್ಟ. 1873ರಲ್ಲಿ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಕಂಪನಿ ತಾಮ್ರದ ರಿವೆಟ್ಟಿನ ಪ್ಯಾಂಟಿಗೆ ಪೇಟೆಂಟ್ ಪಡೆದಾಗ ಅದು ದುಡಿಯುವವರ ಉಡುಪಾಗಿತ್ತು. ಆದ್ದರಿಂದ ಕನ್ನಡಿಯ ಮುಂದೆ ನಿಂತರಷ್ಟೇ ಸಾಲದು. ಕುಳಿತು, ಬಗ್ಗಿ, ಮೆಟ್ಟಿಲು ಹತ್ತಿ ನೋಡಬೇಕು.

ಅಂಗಡಿ ತೆರೆಯಿತು. "ಕಂಬರ ಕಿತಿ?" ಮತ್ತೆ ಅದೇ ಪ್ರಶ್ನೆ. ನಾನು ತುಟಿ ಬಿಗಿದು ನಿಂತೆ. ಮಗಳು ಮುಂದೆ ಬಂದು ಸ್ಪಷ್ಟವಾದ ಮರಾಠಿಯಲ್ಲಿ, "ಅಠ್ಠಾವೀಸ" ಎಂದಳು.