ಹುಳಕ್ಕೆ ಜ್ವರ, ನಮಗೆ ಸಿನಿಮಾ

ಡಿಸೆಂಬರ್ 16, ಶುಕ್ರವಾರ ರಜೆ ಬೇಕು ಅಂತ ಹೋದ ತಿಂಗಳೇ ಅಪ್ಲೈ ಮಾಡಿದ್ದೆ. ಕಾರಣ ಅನ್ನೋ ಕಡೆ 'ಪರ್ಸನಲ್' ಅಂತ ಹಾಕಿದ್ದೆ. ಬೆಳಗಿನ ಕಾಲ್ ಮುಗಿದ ಮೇಲೆ ಮ್ಯಾನೇಜರ್ 'ಮನೇಲಿ ಎಲ್ಲ ಸರಿ ಇದೆ ತಾನೆ?' ಅಂತ ಕೇಳಿದರು. ಪಾಪ, ಕಾಳಜಿಯಿಂದಲೇ ಕೇಳಿದ್ದು. 'ಅಪ್ಪನ್ನ ಒಂದು ಕಡೆ ಕರ್ಕೊಂಡು ಹೋಗ್ಬೇಕು ಸರ್, ಕಣ್ಣಿನ ವಿಷಯ' ಅಂದೆ. ಪೂರ್ತಿ ಸುಳ್ಳೇನಲ್ಲ. ಕರ್ಕೊಂಡು ಹೋಗ್ತಿರೋದು ಆಸ್ಪತ್ರೆಗಲ್ಲ, ಸಿನಿಮಾಗೆ ಅನ್ನೋದೊಂದನ್ನ ಹೇಳಲಿಲ್ಲ ಅಷ್ಟೇ.

ಸಿನಿಮಾ ಯಾವುದು ಅಂತ ನಿಮಗೆ ಗೊತ್ತಾಗಿರುತ್ತೆ. 'ಅವತಾರ್: ದಿ ವೇ ಆಫ್ ವಾಟರ್'. ಮೊದಲನೇ ಅವತಾರ್ ಬಂದಿದ್ದು 2009ರ ಡಿಸೆಂಬರ್ 18ಕ್ಕೆ. ಆಗ ನನಗೆ 22. ಈಗ 35. ನಡುವೆ ಮೂರು ಕಂಪನಿ ಬದಲಾಯಿಸಿದೆ, ಹೋಮ್ ಲೋನ್ ತಗೊಂಡೆ, ಕಿವಿ ಪಕ್ಕ ಬಿಳಿ ಕೂದಲು ಬಂತು. ಊರಲ್ಲಿ ನಮ್ಮ ಬೋರ್‌ವೆಲ್ 800 ಅಡಿಯಿಂದ 1,300 ಅಡಿಗೆ ಇಳಿಯಿತು. ಒಂದು ಸಿನಿಮಾದ ಎರಡನೇ ಭಾಗಕ್ಕೆ 13 ವರ್ಷ ಕಾಯೋದು ಸುಮ್ನೆ ಮಾತಲ್ಲ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. ಹಿಪ್ಪುನೇರಳೆ ತೋಟ, ಹುಳು ಮನೆ, ಗೂಡಿನ ಮಾರ್ಕೆಟ್ಟು, ಇಷ್ಟೇ ನಮ್ಮ ಪ್ರಪಂಚ. ನಮ್ಮ ಕಡೆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗಿಯುತ್ತೆ. ಹಂಗಾಗಿ ಸಿನಿಮಾನೂ ಎರಡೂ ಭಾಷೇದು. ಊರಿಗೆ ಮೊದಲು ಕೇಬಲ್ ಹಾಕಿಸಿದವರ ಮನೆ ಪಡಸಾಲೇಲಿ ಕೂತು 'ಆದಿತ್ಯ 369' ನೋಡಿದ್ದು ಇವತ್ತಿಗೂ ನೆನಪಿದೆ. 1991ರ ಸಿನಿಮಾ, ನಾನು ನೋಡಿದ್ದು ಎಷ್ಟೋ ವರ್ಷ ಆದ ಮೇಲೆ. ಟೈಮ್ ಮಷಿನ್ ಹತ್ತಿ ಬಾಲಕೃಷ್ಣ ನಮ್ಮ ಕೃಷ್ಣದೇವರಾಯನ ಕಾಲಕ್ಕೆ ಹೋಗ್ತಾರೆ, ಅಲ್ಲಿಂದ 2504ನೇ ಇಸವಿಗೆ ಹಾರ್ತಾರೆ. ಅದನ್ನ ಮಾಡಿದ ಸಿಂಗೀತಂ ಶ್ರೀನಿವಾಸ ರಾವ್ ಅವರೇ ನಮ್ಮ ರಾಜ್‌ಕುಮಾರ್ ಅವರಿಗೆ 'ಹಾಲು ಜೇನು' ಮಾಡಿದ್ದು ಅಂತ ಆಮೇಲೆ ಗೊತ್ತಾಯ್ತು. ಆವತ್ತು ರಾತ್ರಿ ಹುಳು ಮನೇಲಿ ಸೊಪ್ಪು ಹಾಕೋವಾಗ ಒಂದು ಖಾಲಿ ತಟ್ಟೆ ಮೇಲೆ ಕೂತು 'ಹೊರಟೆ' ಅಂದಿದ್ದಕ್ಕೆ ಅಮ್ಮ ಬೆನ್ನಿಗೆ ಒಂದು ಬಿಟ್ಟು 'ಏನೋ ಇದು ನಿನ್ನ ಅವತಾರ' ಅಂದಿದ್ದಳು. ಆ ಪದದ ಜೊತೆ ನನ್ನ ನಂಟು ಅಷ್ಟು ಹಳೇದು.

ಹೈಸ್ಕೂಲಲ್ಲಿದ್ದಾಗ ಮೇಷ್ಟ್ರು ಗೌರಿಬಿದನೂರಿಗೆ ಕರ್ಕೊಂಡು ಹೋಗಿದ್ದರು, ರೇಡಿಯೋ ಟೆಲಿಸ್ಕೋಪ್ ತೋರಿಸೋಕೆ. ನಾವು ದೊಡ್ಡ ದುರ್ಬೀನು ಇರುತ್ತೆ ಅಂದ್ಕೊಂಡಿದ್ವಿ. ನೋಡಿದರೆ ಬಯಲಲ್ಲಿ ಸಾಲು ಸಾಲು ಕಂಬ, ತಂತಿ. ದ್ರಾಕ್ಷಿ ಚಪ್ಪರ ಹಾಕೋಕೆ ಕಂಬ ನೆಟ್ಟ ಹಾಗೆ. 'ಇದು ನೋಡೋದಲ್ಲ, ಸೂರ್ಯನಿಂದ ಬರೋದನ್ನ ಕೇಳಿಸಿಕೊಳ್ಳೋದು' ಅಂದರು ಮೇಷ್ಟ್ರು. ನೋಡೋಕೆ ಕಣ್ಣೇ ಬೇಕು ಅಂತೇನಿಲ್ಲ ಅಂತ ಆವತ್ತೇ ಅರ್ಥ ಆಗಬೇಕಿತ್ತು. ಆಗಲಿಲ್ಲ.

2009ಕ್ಕೆ ಬರೋಣ. ಬಿಇ ಮುಗಿದಿತ್ತು. ಕ್ಯಾಂಪಸ್‌ನಲ್ಲಿ ಸೆಲೆಕ್ಟ್ ಆಗಿದ್ದೆ, ಆದರೆ ರಿಸೆಷನ್ ಅಂತ ಜಾಯ್ನಿಂಗ್ ಡೇಟು ಮುಂದಕ್ಕೆ ಹೋಗ್ತಾನೇ ಇತ್ತು. ಬೆಳಗ್ಗೆ ಅಪ್ಪನ ಜೊತೆ ಸೊಪ್ಪು ಕೊಯ್ಯೋದು, ಸಂಜೆ ಶಿಡ್ಲಘಟ್ಟಕ್ಕೆ ಹೋಗಿ ಸೈಬರ್ ಸೆಂಟರ್‌ನಲ್ಲಿ ಮೇಲ್ ನೋಡೋದು. ಕಂಪನಿಯಿಂದ ಮೇಲ್ ಇರ್ತಿರಲಿಲ್ಲ. ಉಳಿದ ಅರ್ಧ ಗಂಟೇಲಿ ಅವತಾರ್ ಬಗ್ಗೆ ಓದ್ತಿದ್ದೆ. ಆಗಸ್ಟ್‌ನಲ್ಲಿ ಟೀಸರ್ ಬಂತು. ಎರಡು ನಿಮಿಷದ ವಿಡಿಯೋ, ಬಫರ್ ಆಗಿ ಮುಗಿಯೋಕೆ ಇಪ್ಪತ್ತು ನಿಮಿಷ. ನೀಲಿ ಮೈಯ ಮನುಷ್ಯ ಒಮ್ಮೆ ಕಣ್ಣು ಬಿಟ್ಟು ಹಾಗೇ ನಿಂತುಬಿಡ್ತಿದ್ದ.

ಜೇಮ್ಸ್ ಕ್ಯಾಮರೂನ್ ಕಥೆ ಹಿಡಿಸಿದ್ದೂ ಆಗಲೇ. ಒಂದು ಕಾಲಕ್ಕೆ ಟ್ರಕ್ ಓಡಿಸ್ತಿದ್ದ ಮನುಷ್ಯ, 1977ರಲ್ಲಿ 'ಸ್ಟಾರ್ ವಾರ್ಸ್' ನೋಡಿ ಆ ಕೆಲಸ ಬಿಟ್ಟ. ಅವತಾರ್ ಕಥೇನ 1994ರಲ್ಲೇ ಬರೆದಿಟ್ಟಿದ್ದ. 'ಟೈಟಾನಿಕ್' ಆದ ಮೇಲೆ ಮಾಡೋಣ ಅಂದ್ರೆ ಅವನ ತಲೇಲಿದ್ದದ್ದನ್ನ ತೋರಿಸೋ ತಂತ್ರಜ್ಞಾನ ಇರಲಿಲ್ಲ. 2002ರಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಎರಡನೇ ಭಾಗದ ಗೊಲ್ಲಮ್ ನೋಡಿದ ಮೇಲೆ ಈಗ ಆಗುತ್ತೆ ಅನ್ನಿಸಿತಂತೆ. ಜಾಯ್ನಿಂಗ್ ಡೇಟ್‌ಗೆ ಕಾಯ್ತಾ ಕೂತಿದ್ದವನಿಗೆ ಇದಕ್ಕಿಂತ ಸಮಾಧಾನ ಇನ್ನೇನು ಬೇಕು? ಅವನೇ ಹದಿನೈದು ವರ್ಷ ಕಾದಿದಾನೆ, ನಾನು ಆರು ತಿಂಗಳು ಕಾಯೋಕಾಗಲ್ವಾ!

ನವೆಂಬರ್‌ನಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ಸಂಬಳದಲ್ಲಿ ಅವತಾರ್ ಟಿಕೆಟ್ ತಗೊಂಡೆ, ಶನಿವಾರ ಸಂಜೆ ಶೋ. ಅವತ್ತು ಬೆಳಗ್ಗೆ ಅಪ್ಪ ಫೋನ್ ಮಾಡಿದರು. 'ಹುಳ ಹಣ್ಣಾಗಿದೆ ಕಣಪ್ಪ. ಆಳು ಸಿಕ್ಕಿಲ್ಲ. ಬರೋಕಾಗುತ್ತಾ?'

ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು. ಹುಳ ಹಣ್ಣಾಗೋದು ಅಂದ್ರೆ ಗೂಡು ಕಟ್ಟೋಕೆ ತಯಾರಾಗೋದು. ಆಗ ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತೆ. ಒಂದು ತಿಂಗಳ ದುಡಿಮೆ ಆ ಒಂದೆರಡು ದಿನದ ಮೇಲೆ ನಿಂತಿರುತ್ತೆ. ಹಣ್ಣಾದ ಹುಳ ಯಾರಿಗೂ ಕಾಯಲ್ಲ.

'ಆಫೀಸಲ್ಲಿ ಕೆಲಸ ಇದೆ ಅಪ್ಪ, ಬಿಡಲ್ಲ' ಅಂದೆ.

'ಹೊಸ ಕೆಲಸ, ಹಂಗೆಲ್ಲ ರಜ ಕೇಳ್ಬೇಡ. ನಾವು ನೋಡ್ಕೋತೀವಿ' ಅಂದರು.

ಆವತ್ತು ಸಂಜೆ ಆ ಕನ್ನಡಕ ಹಾಕ್ಕೊಂಡು ಕೂತಾಗ ಪಂಡೋರಾದ ಕಾಡು ನನ್ನ ಮುಂದಿನ ಸೀಟಿನವರ ತಲೆ ಮೇಲೆ ತೇಲ್ತಾ ಬಂತು. ಆ ಬಿಳಿ ಬೀಜಗಳು ಗಾಳೀಲಿ ಇಳಿಯೋ ದೃಶ್ಯದಲ್ಲಿ ನಾನು ನಿಜವಾಗ್ಲೂ ಕೈ ಚಾಚಿದೆ. ಹೊರಗೆ ಬಂದಾಗ ಬೆಂಗಳೂರಿನ ರಸ್ತೆಯೇ ಚಪ್ಪಟೆ ಅನ್ನಿಸಿತು. ಮಾರನೇ ದಿನ ಅಮ್ಮ ಹೇಳಿದಳು, ಇಬ್ಬರೇ ಸೇರಿ ಹುಳ ಬಿಟ್ಟು ಮುಗಿಸೋಹೊತ್ತಿಗೆ ರಾತ್ರಿ ಎರಡು ಗಂಟೆ ಅಂತ. ಕರೆಂಟ್ ಇರಲಿಲ್ಲವಂತೆ. ನಾನು 'ಹೂಂ' ಅಂದೆ.

ಎರಡನೇ ಭಾಗ ಬರೋದಕ್ಕೆ ಮುಂಚೆ, ಈ ವರ್ಷ ಸೆಪ್ಟೆಂಬರ್‌ನಲ್ಲಿ, ಹಳೇ ಅವತಾರನ್ನೇ ಮತ್ತೆ ಥಿಯೇಟರ್‌ಗೆ ಬಿಟ್ಟರು. ಹೋದೆ. ಸಿನಿಮಾ ನಡೀತಾ ಇದ್ದಾಗ ಎಡಗಣ್ಣಿಗೆ ಏನೋ ಕಸ ಬಿತ್ತು. ಕನ್ನಡಕದ ಒಳಗೇ ಆ ಕಣ್ಣು ಮುಚ್ಚಿಕೊಂಡೆ. ಇಡೀ ಕಾಡು ಹಿಂದಕ್ಕೆ ಸರಿದು ಪರದೆಗೆ ಅಂಟಿಕೊಂಡಿತು. ಬಣ್ಣ ಇದೆ, ಎಲೆ ಇದೆ, ಎಲ್ಲ ಸ್ಪಷ್ಟವಾಗೇ ಇದೆ. ಆಳ ಮಾತ್ರ ಇಲ್ಲ. ಕಣ್ಣು ಬಿಟ್ಟೆ, ಬಂತು. ಮುಚ್ಚಿದೆ, ಹೋಯ್ತು.

ಅದರ ಕೆಲಸವೇ ಹಾಗೆ. ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಹಾಗಾಗಿ ಎರಡೂ ಕಣ್ಣು ನೋಡೋ ಚಿತ್ರ ಸ್ವಲ್ಪ ಬೇರೆ ಬೇರೆ. ಮಿದುಳು ಆ ವ್ಯತ್ಯಾಸ ಅಳೆದು ಯಾವುದು ಹತ್ತಿರ, ಯಾವುದು ದೂರ ಅಂತ ಲೆಕ್ಕ ಹಾಕುತ್ತೆ. ಕ್ಯಾಮರೂನ್ ಮತ್ತು ವಿನ್ಸ್ ಪೇಸ್ ಸೇರಿ ಕಟ್ಟಿದ್ದು ಇದೇ ರೀತಿ ಎರಡು ಕಣ್ಣಿರೋ ಕ್ಯಾಮೆರಾ. ಆ ಕನ್ನಡಕದ ಒಂದೊಂದು ಗಾಜು ಒಂದೊಂದು ಕಣ್ಣಿಗೆ ಅದರದರ ಚಿತ್ರವನ್ನಷ್ಟೇ ಬಿಡುತ್ತೆ. ಇದೆಲ್ಲ ನನಗೆ 2009ರಿಂದ ಬಾಯಿಪಾಠ.

ಆದರೆ ನಮ್ಮಪ್ಪನಿಗೆ ಇರೋದು ಒಂದೇ ಕಣ್ಣು ಅನ್ನೋದು ಇದರ ಜೊತೆ ಸೇರಿ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ನಾನು ಐದನೇ ಕ್ಲಾಸಲ್ಲಿದ್ದಾಗ ಹುಳು ಮನೆಗೆ ಸುಣ್ಣ ಬೇಯಿಸೋವಾಗ ಅದು ಸಿಡಿದು ಅಪ್ಪನ ಬಲಗಣ್ಣಿಗೆ ಬಿತ್ತು. ಆ ಕಣ್ಣು ಉಳಿಯಲಿಲ್ಲ. ಆಮೇಲೆ ಅಪ್ಪನಿಗೊಂದು ಅಭ್ಯಾಸ ಬಂತು. ಕಾಫಿ ಲೋಟ ತಗೊಳೋಕೆ ಮುಂಚೆ, ಕಾಲುವೆ ದಾಟೋಕೆ ಮುಂಚೆ, ತಲೆಯನ್ನ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸೋದು. ಕೋಳಿ ಕಾಳು ಹೆಕ್ಕೋಕೆ ಮುಂಚೆ ಮಾಡುತ್ತಲ್ಲ, ಹಾಗೆ. ಚಿಕ್ಕವರಿದ್ದಾಗ ನಾನೂ ತಂಗೀನೂ ಅದನ್ನ ಮಾಡಿ ತೋರಿಸಿ ನಗ್ತಿದ್ವಿ. ಆ ಥಿಯೇಟರ್‌ನಲ್ಲಿ ಒಂದು ಕಣ್ಣು ಮುಚ್ಚಿ ಕೂತಾಗ ಗೊತ್ತಾಯ್ತು ಅದು ಏನು ಅಂತ. ಎರಡನೇ ಕಣ್ಣು ಎಲ್ಲಿಂದ ನೋಡಬೇಕಿತ್ತೋ ಅಲ್ಲಿಗೆ ಇರೋ ಒಂದೇ ಕಣ್ಣನ್ನ ಒಯ್ದು ನೋಡೋದು. 25 ವರ್ಷದಿಂದ ಅಪ್ಪ ಹೀಗೇ ಆಳ ಅಳೀತಿದಾರೆ. ನಾನು ಇಂಜಿನಿಯರ್.

ದಸರಾಗೆ ಊರಿಗೆ ಹೋದಾಗ ವಿಷಯ ತೆಗೆದೆ. ಎರಡನೇ ಅವತಾರ್ ಈ ಸಲ ಕನ್ನಡದಲ್ಲೂ ಬರ್ತಿದೆ. ಮೊದಲನೇದು ತೆಲುಗು, ತಮಿಳು, ಹಿಂದಿಗೆ ಡಬ್ ಆಗಿತ್ತು, ಕನ್ನಡಕ್ಕೆ ಆಗಿರಲಿಲ್ಲ. ಆಗ ನಮ್ಮಲ್ಲಿ ಡಬ್ಬಿಂಗ್ ಬಿಡ್ತಿರಲಿಲ್ಲವಲ್ಲ.

'ಅಪ್ಪ, 3ಡಿ ಅಂತ ಒಂದಿದೆ. ಕನ್ನಡಕ ಹಾಕ್ಕೊಂಡು ನೋಡೋದು...' ಅಂತ ಶುರು ಮಾಡಿದೆ.

ಅಪ್ಪ ಸೊಪ್ಪು ಕತ್ತರಿಸ್ತಾ ಇದ್ದರು. ತಲೆ ಎತ್ತಲಿಲ್ಲ. 'ನೋಡಿದೀನಿ ಕಣೋ.'

ನಾನು ಹುಟ್ಟೋಕೆ ಮುಂಚಿನ ಮಾತು. 1984ರಲ್ಲಿ ಮಲಯಾಳಂನಲ್ಲಿ 'ಮೈ ಡಿಯರ್ ಕುಟ್ಟಿಚಾತನ್' ಅಂತ ಬಂತು, ನಮ್ಮ ದೇಶದ ಮೊದಲ 3ಡಿ ಸಿನಿಮಾ. ಅದರ ತೆಲುಗು ಡಬ್ಬನ್ನ ಅಪ್ಪ ಇಬ್ಬರು ಸ್ನೇಹಿತರ ಜೊತೆ ನೋಡಿದ್ದರಂತೆ. ಚಿಂತಾಮಣಿಯಲ್ಲಿ ಸಂತೆ ಮುಗಿಸಿ ಅಲ್ಲಿಂದಲೇ ಬಸ್ಸು ಹತ್ತಿ ಬೆಂಗಳೂರಿಗೆ. 'ಏನೋ ಒಂದು ಮುಖದ ಹತ್ರಕ್ಕೇ ಬಂದುಬಿಡ್ತು. ಕೈ ಅಡ್ಡ ಇಟ್ಕೊಂಡೆ. ಆ ಹುಡುಗರು ಒಂದು ವಾರ ಆಡ್ಕೊಂಡ್ರು' ಅಂತ ನಕ್ಕರು. ಆಮೇಲೆ ಸುಮ್ಮನೆ ಹೇಳಿದರು, 'ಆಗ ಎರಡೂ ಇತ್ತಲ್ಲಪ್ಪ.'

ಏನು ಹೇಳಬೇಕೋ ತೋಚಲಿಲ್ಲ. ಅಪ್ಪನೇ ಕೇಳಿದರು, 'ಈಗ ಹಾಕ್ಕೊಂಡ್ರೆ ಏನು ಕಾಣುತ್ತೆ?'

'ಚಪ್ಪಟೆ ಕಾಣುತ್ತೆ. ಆದ್ರೆ ಕಲಸಿಹೋಗಲ್ಲ. ಚೆನ್ನಾಗೇ ಕಾಣುತ್ತೆ, ಟೀವೀಲಿ ಕಂಡಂಗೆ.'

'ಹಂಗಾದ್ರೆ ಸರಿ. ನನಗೆ ಎಲ್ಲಾನೂ ಹಂಗೇ ತಾನೆ. ಹೋಗಣ.'

ಕನ್ನಡ ಟ್ರೈಲರ್ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. 'ಅಷ್ಟು ನೀರು ಎಲ್ಲಿಂದ ತಂದರಂತೆ?' ಶೂಟಿಂಗ್‌ಗೆ ಕಟ್ಟಿದ ದೊಡ್ಡ ತೊಟ್ಟಿಗೆ ಸುಮಾರು 34 ಲಕ್ಷ ಲೀಟರ್ ಹಿಡಿಯುತ್ತೆ, ನಟರೆಲ್ಲ ಅದರೊಳಗೆ ಮುಳುಗಿ ಆ್ಯಕ್ಟ್ ಮಾಡಿದಾರೆ, ಕೇಟ್ ವಿನ್ಸ್‌ಲೆಟ್ ಏಳು ನಿಮಿಷಕ್ಕೂ ಜಾಸ್ತಿ ಉಸಿರು ಹಿಡಿದಿದ್ದಳಂತೆ ಅಂತೆಲ್ಲ ಹೇಳಿದೆ. ಉಸಿರಿನ ಸುದ್ದಿ ಅಪ್ಪನಿಗೆ ಬೇಕಿರಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ನಮ್ಮ ಟ್ರ್ಯಾಕ್ಟರ್ ಟ್ಯಾಂಕರ್ ಐದು ಸಾವಿರದ್ದು. 680 ಟ್ಯಾಂಕರ್ ಆಯ್ತು ನೋಡು' ಅಂದರು. ನಂದಿಬೆಟ್ಟದ ಸುತ್ತ ಐದು ನದಿ ಹುಟ್ಟುತ್ತವೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿ, ಅದರಲ್ಲಿ ಒಂದಾದರೂ ವರ್ಷಪೂರ್ತಿ ಹರಿದದ್ದನ್ನ ನೋಡದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸ್ತಿದಾರೆ. ಅಲ್ಲಿರೋರಿಗೆ ನೀರಿನ ದಾರಿ ಅಂದ್ರೆ ಲೆಕ್ಕವೇ ಬೇರೆ.

ಇವತ್ತು ಭಾನುವಾರ, ಡಿಸೆಂಬರ್ 11. ಕನ್ನಡದ ಶೋ ಎಲ್ಲೆಲ್ಲಿ ಹಾಕ್ತಾರೆ ಅಂತ ದಿನಾ ರಾತ್ರಿ ಆ್ಯಪ್ ತೆಗೆದು ನೋಡ್ತಿದೀನಿ. ಬೆಳಗ್ಗೆ ಅಪ್ಪನಿಗೆ ಫೋನ್ ಮಾಡಿ, 'ಶುಕ್ರವಾರ ಹುಳ ಯಾವ ಹಂತದಲ್ಲಿರುತ್ತೆ? ಅಮ್ಮ ಒಬ್ಬಳೇ ಸೊಪ್ಪು ಹಾಕೋಕಾಗುತ್ತಾ?' ಅಂತ ಕೇಳಿದೆ.

'ಶುಕ್ರವಾರ ಸೊಪ್ಪು ಹಾಕಂಗೇ ಇಲ್ಲ. ನಾಲ್ಕನೇ ಜ್ವರ' ಅಂದರು.

ಜ್ವರ ಅಂದ್ರೆ ಕಾಯಿಲೆ ಅಲ್ಲ. ಹುಳ ಪೊರೆ ಬಿಡೋ ಹೊತ್ತು. ಆ ಒಂದು ದಿನ ಅದು ಏನೂ ತಿನ್ನಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿರುತ್ತೆ. ರೇಷ್ಮೆ ಮನೆಯವರಿಗೆ ತಿಂಗಳಲ್ಲಿ ಸಿಗೋ ಬಿಡುವು ಅಂದ್ರೆ ಅದೇ. ಅಪ್ಪ ಲೆಕ್ಕ ಹಾಕಿ, ಸಿನಿಮಾ ದಿನಕ್ಕೆ ಜ್ವರ ಬರೋ ಹಾಗೆ, ಚಾಕಿ ಹುಳ ತರೋದನ್ನ ಒಂದು ವಾರ ಮುಂದಕ್ಕೆ ಹಾಕಿದಾರೆ. ನನಗೆ ಹೇಳಿರಲಿಲ್ಲ.

'ಸುಣ್ಣ ಉದುರಿಸೋಕೆ ನಿಮ್ಮ ಚಿಕ್ಕಪ್ಪ ಬರ್ತಾನೆ. ನಿಮ್ಮಮ್ಮನೂ ಬರ್ತಾಳಂತೆ, ಇನ್ನೊಂದು ಟಿಕೆಟ್ ತಗೋ.' ಹಿಂದಿನಿಂದ ಅಮ್ಮನ ದನಿ, 'ಮೂರು ಗಂಟೆ ಸಿನಿಮಾನಂತೆ, ಅಲ್ಲಿ ಊಟ ಕೊಡ್ತಾರಾ ಕೇಳು!'

ಆದರೆ ಒಂದು ಯೋಚನೆ ಇದೆ. ಮ್ಯಾಂಡಸ್ ಚಂಡಮಾರುತ ಬಂದು ನಿನ್ನೆಯಿಂದ ಜಡಿಮಳೆ, ವಿಪರೀತ ಚಳಿ. ಚಳಿ ಹೆಚ್ಚಾದರೆ ಹುಳ ಸೊಪ್ಪು ಕಮ್ಮಿ ತಿನ್ನುತ್ತೆ, ಜ್ವರ ಒಂದು ದಿನ ಹಿಂದಕ್ಕೆ ಹೋಗುತ್ತೆ. ಅಪ್ಪ ಹುಳು ಮನೇಲಿ ಕೆಂಡ ಇಟ್ಟಿದಾರಂತೆ. 'ಈಗಲೇ ಟಿಕೆಟ್ ತಗೋಬೇಡ. ಹುಳ ತಲೆ ಎತ್ತಿದ ತಕ್ಷಣ ಫೋನ್ ಮಾಡ್ತೀನಿ' ಅಂದರು.

ಮ್ಯಾನೇಜರ್‌ಗೆ ಮೆಸೇಜ್ ಹಾಕಿದೀನಿ, ರಜೆ ಶುಕ್ರವಾರದ ಬದಲು ಸೋಮವಾರ ಆಗಬಹುದು ಅಂತ. ಈ ಸಲ ಕಾರಣ ಸರಿಯಾಗಿ ಬರೆದೆ: ಹುಳ ಇನ್ನೂ ತಲೆ ಎತ್ತಿಲ್ಲ.